ತಲೆಯ ಮೇಲಿನ ಕೊಂಡಿ

ಮನೆಯನ್ನು ಕೊಳ್ಳಲೋ ಬಾಡಿಗೆಗೆ ಹಿಡಿಯಲೋ ಹೋದವರು ಏನೇನನ್ನು ಪರೀಕ್ಷಿಸುತ್ತಾರೆಂಬುದನ್ನು ಗಮನಿಸಿದರೆ ವಿನೋದವೆನಿಸುತ್ತದೆ. ನಲ್ಲಿಯನ್ನು ತಿರುಗಿಸಿ ನೀರು ನೋಡುತ್ತಾರೆ. ಬಾಗಿಲು ಯಾವ ದಿಕ್ಕಿಗಿದೆಯೆಂದು ವಿಚಾರಿಸುತ್ತಾರೆ. ಗೋಡೆಗೆ ಬೆರಳೊರೆಸಿ ಸುಣ್ಣ ಹತ್ತುವುದೋ ಇಲ್ಲವೋ ಎಂದು ನೋಡುತ್ತಾರೆ. ತಲೆಯೆತ್ತಿ ಚಾವಣಿಯನ್ನು ನೋಡುವವರು ಮಾತ್ರ ವಿರಳ. ನೋಡಿದರೂ ಅವರ ಕಣ್ಣು ಹುಡುಕುವುದು ಮಳೆ ಸೋರಿದ ಕಲೆಯನ್ನು. ಚಾವಣಿಯ ನಟ್ಟನಡುವೆ ಅಂಗೈಯಗಲದ ಒಂದು ಡಬ್ಬಿ ಹುದುಗಿರುತ್ತದೆ. ಅದರಿಂದ ದೀಪ ಇಳಿಬಿದ್ದಿರುತ್ತದೆ, ಇಲ್ಲವೆ ಬೀಸಣಿಗೆ ತೂಗುತ್ತಿರುತ್ತದೆ. ಅದರ ಕೆಳಗೆ ನಾವು ಉಣ್ಣುತ್ತೇವೆ, ಓದುತ್ತೇವೆ, ಬೇಸಗೆಯ ರಾತ್ರಿಗಳಲ್ಲಿ ಮಕ್ಕಳನ್ನು ಸಾಲಾಗಿ ಮಲಗಿಸುತ್ತೇವೆ. ನಾಲ್ಕಾರು ಕಿಲೋಗ್ರಾಂ ತೂಕದ ಯಂತ್ರವೊಂದು ನಿಮಿಷಕ್ಕೆ ೩೦೦ಕ್ಕೂ ಮಿಕ್ಕಿದ ಸುತ್ತುಗಳ ವೇಗದಲ್ಲಿ ನಮ್ಮ ನಿದ್ರೆಯ ಮೇಲೆ ತಿರುಗುತ್ತಿರುವಾಗ, ಅದನ್ನು ಹಿಡಿದುಕೊಂಡಿರುವುದು ಯಾವುದೆಂಬ ಪ್ರಶ್ನೆ ನಮ್ಮಲ್ಲಿ ಏಳುವುದೇ ಇಲ್ಲ.

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಕನ್ನಡದ ಮೇಷ್ಟರೊಬ್ಬರು ವಿದ್ಯುತ್ತಿನ ಡಬ್ಬಿಯ ಪುರಾಣ ತೆಗೆದರಲ್ಲ ಎಂದು ಕೆಲವರು ಹುಬ್ಬೇರಿಸಬಹುದು. ಅಂಥವರು ಒಮ್ಮೆ ಬೀದರದ ಕೋಟೆಗೆ ಬಂದು, ಅಲಿ ಬರೀದ್ ಶಾಹನ ಕಾಲದ ರಂಗೀನ್ ಮಹಲಿನಲ್ಲಿ ನಿಂತು ನೋಡಬೇಕು. ಪ್ರವಾಸಿಗರು ಅಲ್ಲಿ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಗೆ ಮಾರುಹೋಗುತ್ತಾರೆ. ನನಗೆ ಮೆಚ್ಚುಗೆಯಾದುದು ಮರದ ಕಂಬಗಳು. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ: ಯಾವುದು ಯಾವುದನ್ನು ಹೊತ್ತಿದೆಯೆಂಬುದು ಬರಿಗಣ್ಣಿಗೆ ತಿಳಿಯುತ್ತದೆ. ಹಳೆಯ ಮನೆಗಳೂ ಹಾಗೆಯೇ ಇದ್ದವು. ಭಾರ ಇಳಿದುಬರುವ ದಾರಿ ಎಲ್ಲರಿಗೂ ಕಾಣುತ್ತಿತ್ತು. ಸಿಮೆಂಟಿನ ಚಾವಣಿ ಬಂದ ಮೇಲೆ ಆ ದಾರಿ ಗಾರೆಯ ಒಳಗೆ ಅಡಗಿತು. ಹೊರಗೆ ಉಳಿದದ್ದು ಒಂದು ಡಬ್ಬಿಯ ಬಾಯಿ. ಅದನ್ನು ಓದಲು ಕಲಿಯದೆ ಬೇರೆ ಗತಿಯಿಲ್ಲ.

ನನಗೆ ಈ ಓದನ್ನು ಹೇಳಿಕೊಟ್ಟವರು ನಾನು ಬೀದರದಲ್ಲಿ ಮನೆ ಕಟ್ಟಿಸುವಾಗ ವಿದ್ಯುತ್ತಿನ ಕೆಲಸ ವಹಿಸಿಕೊಂಡಿದ್ದ ಹಿರಿಯರೊಬ್ಬರು. ನಮ್ಮ ಊರಿನ ರೂಢಿಯಂತೆ ಎಲ್ಲರೂ ಅವರನ್ನು ಉಸ್ತಾದರೆಂದೇ ಕರೆಯುತ್ತಾರೆ. ಮನೆಯಲ್ಲಿ ದಖ್ಖನಿ, ಪೇಟೆಯಲ್ಲಿ ಕನ್ನಡ, ಔರಾದದ ಕಡೆ ಹೋದರೆ ಮರಾಠಿ. ಸೆಂಟ್ರಿಂಗಿನ ಹಲಗೆಗಳ ಮೇಲೆ ಕಬ್ಬಿಣ ಕಟ್ಟುತ್ತಿದ್ದ ದಿನ ಅವರು ನನ್ನನ್ನು ಏಣಿ ಹತ್ತಿಸಿ ಮೇಲೆ ಕರೆದುಕೊಂಡು ಹೋದರು. ಹಲಗೆಗೆ ಮೊಳೆ ಹೊಡೆದು ಕೂರಿಸಿದ ಎರಡು ಬಗೆಯ ಡಬ್ಬಿಗಳನ್ನು ತೋರಿಸಿದರು.

ಒಂದು ಪ್ಲಾಸ್ಟಿಕ್ಕಿನದು, ದುಂಡಗೆ, ಆಳವಾಗಿ, ಪಕ್ಕಗಳಲ್ಲಿ ಪೈಪು ಸೇರಿಸುವ ತೂತುಗಳುಳ್ಳದ್ದು. ಇದನ್ನು ಅವರು ಡೀಪ್ ಬಾಕ್ಸ್ ಎನ್ನುತ್ತಾರೆ. ಗೋಡೆಯ ಗುಂಡಿಯಿಂದ ಹೊರಟ ತಂತಿಗಳು ಪೈಪುಗಳ ಮೂಲಕ ಬಂದು ಇಲ್ಲಿ ಕೂಡುತ್ತವೆ. ಇನ್ನೊಂದು ಕಬ್ಬಿಣದ್ದು. ಅದರ ಎರಡೂ ಪಕ್ಕಗಳನ್ನು ತೂರಿ ಒಂದು ದಪ್ಪ ಸಲಾಕೆ ಹೊರಬಂದಿರುತ್ತದೆ; ಸಲಾಕೆಯ ನಡುಭಾಗ ಡಬ್ಬಿಯೊಳಗೆ ಕೊಂಡಿಯಂತೆ ಬಾಗಿರುತ್ತದೆ. ಹೊರಚಾಚಿದ ತುದಿಗಳನ್ನು ಚಾವಣಿಯ ಕಬ್ಬಿಣದ ಜಾಲರಿಯ ಮೇಲಕ್ಕೆ ಹಾಯಿಸಿ ತಂತಿಯಿಂದ ಬಿಗಿದು ಕಟ್ಟುತ್ತಾರೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಆ ಕೊಂಡಿ ಚಾವಣಿಯ ಎಲುಬಿನ ಗೂಡಿಗೇ ಸೇರಿಕೊಂಡಂತಾಯಿತು. ಇದು ಫ್ಯಾನ್ ಬಾಕ್ಸ್.

“ಅದು ವೈರಿನ ಮನಿ ಅದಾ ಸರ, ಇದು ಭಾರದ ಮನಿ. ವೈರಿನ ಮನ್ಯಾಗ ಭಾರ ಇಡಬ್ಯಾಡ್ರಿ,” ಎಂದರು ಉಸ್ತಾದರು. ಈ ವಿಷಯದ ಬಗ್ಗೆ ನಾನು ಆಮೇಲೆ ಓದಿದ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾದ ಮಾತು ಸಿಗಲಿಲ್ಲ.

ಕಾಂಕ್ರೀಟು ಒಳನುಗ್ಗದಂತೆ ಡಬ್ಬಿಗಳ ಹೊಟ್ಟೆಗೆ ಕಾಗದ ತುರುಕುವ ಪದ್ಧತಿಯಿದೆ. ಉಸ್ತಾದರ ಹುಡುಗರು ಅದಕ್ಕೆಂದು ತಂದಿದ್ದ ರದ್ದಿಯಲ್ಲಿ ಒಂದು ಭಾನುವಾರದ ಪುರವಣಿಯೂ ಇದ್ದಿತು. ಸಾಹಿತ್ಯ ಮನೆಯ ಕಟ್ಟಡಕ್ಕೆ ನೆರವಾಗುವುದಿಲ್ಲವೆಂದು ಇನ್ನು ಮುಂದೆ ಯಾರೂ ಹೇಳಲಾರರು.

ಮನೆ ಕಟ್ಟಿ ಮುಗಿದು, ಬಣ್ಣ ಬಳಿದು, ಹಲವು ವರ್ಷ ಕಳೆದ ಮೇಲೆ ಈ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಅಷ್ಟು ಸುಲಭವಲ್ಲ. ಎರಡರ ಬಾಯಿಗೂ ದುಂಡನೆಯ ಮುಚ್ಚಳವಿರುತ್ತದೆ. ಮುಚ್ಚಳ ಬಿಚ್ಚುವ ಮೊದಲು ಮನೆಯ ಮುಖ್ಯ ಸ್ವಿಚ್ಚನ್ನೇ ಆರಿಸಬೇಕು. ಕೋಣೆಯ ಗುಂಡಿಯನ್ನು ಆರಿಸಿದರೆ ಸಾಲದು, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಬಿಚ್ಚಿ ಒಳಗೆ ಬೆಳಕು ಹಾಯಿಸಿದಾಗ ಅಡ್ಡಲಾಗಿ ಕಬ್ಬಿಣದ ಕೊಂಡಿ ಕಂಡರೆ ಅದು ಭಾರ ಹೊರುವ ಡಬ್ಬಿ. ಬರಿಯ ತಂತಿಗಳೂ ಪ್ಲಾಸ್ಟಿಕ್ಕಿನ ತಳವೂ ಕಂಡರೆ ಅಲ್ಲಿ ಬೀಸಣಿಗೆಯ ಮಾತೆತ್ತಬಾರದು. ಆ ತಳಕ್ಕೆ ಒಂದು ತಿರುಪಿನ ಕೊಕ್ಕೆ ಸೇರಿಸಿ ಬೀಸಣಿಗೆ ತೂಗುಬಿಟ್ಟ ಬಾಡಿಗೆ ಮನೆಗಳನ್ನು ನಾನು ನೋಡಿದ್ದೇನೆ. ಅವು ಇಂದಿನವರೆಗೆ ಬಿದ್ದಿಲ್ಲವೆಂಬುದು ಅವುಗಳ ಪರವಾದ ಸಾಕ್ಷ್ಯವಲ್ಲ.

ಕೊಂಡಿಯಿದ್ದರೂ ಅದರ ಆರೋಗ್ಯವನ್ನು ವಿಚಾರಿಸಬೇಕು. ಮೇಲಿನ ತಾರಸಿಯಲ್ಲಿ ನೀರು ನಿಂತು ಇಳಿಯುವ ಮನೆಯಾದರೆ ಕೊಂಡಿಗೆ ತುಕ್ಕು ಹಿಡಿದಿರುತ್ತದೆ. ತಿರುಪುಳಿಯಿಂದ ಕೆರೆದಾಗ ಪುಡಿ ಉದುರಿ ಒಳಗೆ ಗಟ್ಟಿ ಕಬ್ಬಿಣ ಹೊಳೆದರೆ ಚಿಂತೆಯಿಲ್ಲ. ಪದರ ಪದರವಾಗಿ ಎದ್ದುಬಂದು ಸಲಾಕೆ ಸಪುರವಾಗಿದ್ದರೆ ಅದನ್ನು ಬಿಟ್ಟುಬಿಡಬೇಕು. ಹೊಸ ಕೊಂಡಿಯಾದರೆ ಉಸ್ತಾದರು ಬೀಸಣಿಗೆ ತೂಗಿಸುವ ಮುನ್ನ ಒಂದು ರಾತ್ರಿ ಮರಳಿನ ಚೀಲ ಕಟ್ಟಿಬಿಡುತ್ತಾರೆ. ಅಂದು ಆ ಕೋಣೆಯಲ್ಲಿ ಯಾರೂ ಮಲಗುವಂತಿಲ್ಲ. ಕೊಂಡಿಯೇ ಇಲ್ಲದ ಗಟ್ಟಿ ಕಾಂಕ್ರೀಟಿಗೆ, ತೂತು ಕೊರೆದು ಒಳಗೆ ಹಿಗ್ಗಿ ಕಚ್ಚಿಕೊಳ್ಳುವ ಆಂಕರ್ ಬೋಲ್ಟು ಹಾಕಿ ಕ್ಲಾಂಪು ಕೂರಿಸುವ ಉಪಾಯವಿದೆ. ಕೊರೆಯುವಾಗ ಒಳಗಿನ ಪೈಪು ಸಿಕ್ಕದಂತೆ ನೋಡಿಕೊಳ್ಳಬೇಕು.

ಇನ್ನು ಬೀಸಣಿಗೆಯ ಕಡೆಯಿಂದ ನೋಡಿದರೆ, ಕೊಂಡಿಗೂ ಅದರ ಕೊಳವೆಗೂ ನಡುವೆ ಒಂದು ರಬ್ಬರಿನ ಗಾಲಿಯಿರುತ್ತದೆ. ನಡುಕವನ್ನು ನುಂಗುವುದು ಅದರ ಕೆಲಸ. ಅದನ್ನು ಹಾಯ್ದ ಬೋಲ್ಟಿಗೆ ನಟ್ಟು, ನಟ್ಟು ಕಳಚದಂತೆ ತುದಿಯ ತೂತಿನಲ್ಲಿ ಸೀಳಿದ ಪಿನ್ನು. ಈ ಪಿನ್ನಿನ ಬೆಲೆ ಏನೇನೂ ಇಲ್ಲ. ಬೀಸಣಿಗೆ ತೊಳೆಯಲೆಂದು ಇಳಿಸಿ ಮತ್ತೆ ಏರಿಸುವಾಗ ಕಳೆದುಹೋಗುವುದೂ ಅದೇ. ಅದರ ಬದಲು ತಂತಿಯ ತುಂಡನ್ನು ತೂರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಈಚಿನ ಕೆಲವು ಬೀಸಣಿಗೆಗಳ ಜೊತೆಯಲ್ಲಿ ಉಕ್ಕಿನ ತಂತಿಯ ಹುರಿಯೊಂದು ಬರುತ್ತದೆ. ಬೋಲ್ಟು ಕಳಚಿದರೂ ಯಂತ್ರ ನೆಲಕ್ಕೆ ಬೀಳದಂತೆ ಅದನ್ನು ಕೊಂಡಿಗೆ ಪ್ರತ್ಯೇಕವಾಗಿ ಸುತ್ತಬೇಕು. ಬಹಳ ಮನೆಗಳಲ್ಲಿ ಅದು ಖಾಲಿ ಪೆಟ್ಟಿಗೆಯೊಡನೆ ಅಟ್ಟ ಸೇರಿರುತ್ತದೆ.

ಇಲ್ಲಿ ಒಂದು ಭಾಷೆಯ ಮಾತು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹ ಬಗೆದಂತಾದೀತು. ಚಾವಣಿಯ ಅಂಗಾಂಗಗಳಿಗೆ ಕನ್ನಡದಲ್ಲಿ ಹೆಸರಿಗೆ ಬಡತನವಿಲ್ಲ. ತೊಲೆ, ಜಂತಿ, ಬೋದಿಗೆ, ಸೂರು, ಮಾಳಿಗೆ, ಬೆಳಕಿಂಡಿ, ಒಂದೊಂದೂ ಬಳಸಿ ಬಳಸಿ ನುಣುಪಾದ ಮಾತು. ವಿದ್ಯುತ್ತು ಮಾತ್ರ ತನ್ನ ಪರಿವಾರವನ್ನು ಕಟ್ಟಿಕೊಂಡೇ ಬಂದಿತು. ಶಿವನಸಮುದ್ರದಲ್ಲಿ ೧೯೦೨ರಲ್ಲಿ ಉತ್ಪಾದನೆಯಾಗಿ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ಈ ಅತಿಥಿಯ ಸಾಮಾನುಗಳಿಗೆಲ್ಲ ಇಂಗ್ಲಿಷಿನ ಹೆಸರುಗಳೇ ನಿಂತವು. ಚಾವಣಿಗೆ ಅಂಟಿಕೊಂಡು ತಂತಿಯನ್ನು ಇಳಿಬಿಡುವ ಬಿಲ್ಲೆಗೆ ಸೀಲಿಂಗ್ ರೋಸ್ ಎಂದು ಹೆಸರು. ನಿಜಾಮರ ಆಳ್ವಿಕೆಯಲ್ಲಿದ್ದು ೧೯೫೬ರಲ್ಲಿ ಕನ್ನಡ ನಾಡನ್ನು ಸೇರಿದ ನಮ್ಮ ಜಿಲ್ಲೆಯಲ್ಲಿ ಅದು ‘ರೋಜ್’ ಆಗಿದೆ. ಇದನ್ನು ‘ಚಾವಣಿ ಗುಲಾಬಿ’ ಎಂದು ಅನುವಾದಿಸಬೇಕೆನ್ನುವ ಪಂಡಿತರ ಪಕ್ಷಕ್ಕೆ ನಾನು ಸೇರಿದವನಲ್ಲ. ಆದರೆ ಭಾರ ಹೊರುವ ಡಬ್ಬಿಗೂ ಹೊರದ ಡಬ್ಬಿಗೂ ಬೇರೆ ಬೇರೆ ಹೆಸರು ಜನರ ಬಾಯಲ್ಲಿ ನಿಲ್ಲದಿರುವುದು ಅಪಾಯ. ಎರಡನ್ನೂ ಬರಿದೆ ‘ಡಬ್ಬಿ’ ಎನ್ನುವ ಮನೆಯೊಡೆಯ ಎರಡಕ್ಕೂ ಒಂದೇ ಕೆಲಸ ಹಚ್ಚುತ್ತಾನೆ.

ಭಾಲ್ಕಿಯಲ್ಲಿರುವ ನನ್ನ ಅಕ್ಕನ ಮನೆಯ ಚಾವಣಿಯ ಮಾತೇ ಬೇರೆ. ಗೋಡೆಯಿಂದ ಗೋಡೆಗೆ ಉಕ್ಕಿನ ಗರ್ಡರುಗಳು, ಅವುಗಳ ನಡುವೆ ಶಹಾಬಾದಿನ ಫರ್ಸಿ ಕಲ್ಲುಗಳ ಹಾಸು, ಮೇಲೆ ಗಾರೆ. ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಸ್ಥಿತಿವಂತರ ಮನೆಯೆಂದರೆ ಇದೇ. ಇಂಥ ಮನೆಯಲ್ಲಿ ಹುದುಗಿದ ಡಬ್ಬಿ ಇರುವುದಿಲ್ಲ. ತಂತಿಗಳು ಮರದ ಪಟ್ಟಿಯ ಮೇಲೆ ಹೊರಗೇ ಓಡುತ್ತವೆ. ಕಣ್ಣಿಗೆ ಬೀಳುವುದು ಕಲ್ಲಿಗೆ ಬೆಣೆ ಬಡಿದು ಕೂರಿಸಿದ ರೋಜ್ ಒಂದೇ. ಭಾವನವರು ನಡುಮನೆಗೆ ಹಿತ್ತಾಳೆಯ ತೂಗುದೀಪವೊಂದನ್ನು ತಂದಿದ್ದರು. ಏಳೆಂಟು ಕಿಲೋಗ್ರಾಮಿಗೆ ಕಡಿಮೆಯಿಲ್ಲ. ಆ ರೋಜಿಗೇ ಅದನ್ನು ತೂಗುಬಿಡಬೇಕೆಂಬುದು ಅವರ ಹಂಬಲ, ಏಕೆಂದರೆ ಅದು ನಡುಮನೆಯ ಸರಿಮಧ್ಯದಲ್ಲಿತ್ತು.

ರೋಜಿನ ಕೆಲಸ ಬಲ್ಬಿನ ತಂತಿಯನ್ನು ಇಳಿಬಿಡುವುದು, ಅಷ್ಟೇ. ಹಿಂದಿನ ಕೆಲಸಗಾರರು ಅದರ ಒಳಗೆ ತಂತಿಗೆ ಒಂದು ಗಂಟು ಹಾಕುತ್ತಿದ್ದರು. ಬಲ್ಬು ಮತ್ತು ಹೋಲ್ಡರಿನ ತೂಕ ಗಂಟಿನ ಮೇಲೆ ನಿಲ್ಲಬೇಕು, ತಂತಿಯನ್ನು ಹಿಡಿದ ತಿರುಪಿನ ಮೇಲೆ ಬೀಳಬಾರದು ಎಂಬ ವಿವೇಕ ಅದು. ಒಂದು ರೋಜಿನಿಂದ ಒಂದೇ ತಂತಿ ಇಳಿಯಬೇಕೆಂಬ ನಿಯಮವೂ ಉಂಟು. ಫರ್ಸಿಗೆ ಆಂಕರ್ ಬೋಲ್ಟು ಹಾಕೋಣವೇ ಎಂದರೆ, ಎರಡು ಅಂಗುಲದ ಪದರುಗಲ್ಲು ಒಳಗಿನಿಂದ ಹಿಗ್ಗುವ ಬೋಲ್ಟಿಗೆ ಸೀಳಿಬಿಡಬಹುದು. ಉಸ್ತಾದರು ಗರ್ಡರಿನ ಕೆಳತುಟಿಯನ್ನು ಎರಡು ಕಡೆಯಿಂದಲೂ ಕಚ್ಚಿ ಹಿಡಿಯುವ ಕ್ಲಾಂಪೊಂದನ್ನು ಮಾಡಿಸಿ ತಂದರು. ದೀಪ ನಡುವಿನಿಂದ ಒಂದೂವರೆ ಅಡಿ ಪಕ್ಕಕ್ಕೆ ಸರಿಯಿತು. ಭಾವನವರಿಗೆ ಈಗಲೂ ಅದರ ಕೊರಗು ಹೋಗಿಲ್ಲ. ಬಂದವರಿಗೆಲ್ಲ ಅವರೇ ಮೊದಲಾಗಿ ಆ ಒಂದೂವರೆ ಅಡಿಯನ್ನು ತೋರಿಸುತ್ತಾರೆ. ಅಂದಹಾಗೆ, ಉಕ್ಕಿಗೆ ತೂಗುವ ಲೋಹದ ದೀಪವಾದ್ದರಿಂದ ಅದಕ್ಕೆ ಹಸಿರು ತಂತಿಯ ನೆಲಸಂಪರ್ಕ ಕಡ್ಡಾಯವೆಂದು ಉಸ್ತಾದರು ಹಟ ಹಿಡಿದರು. ಒಂದು ದೀಪದ ಒಳಗಿನ ತಂತಿ ಸವೆದರೆ ಗರ್ಡರಿನುದ್ದಕ್ಕೂ ವಿದ್ಯುತ್ತು ಹರಿದಾಡುವ ಸಂಭವವಿರುತ್ತದೆ.

ಔರಾದದಲ್ಲಿ ನನ್ನ ತಾಯಿ ಇರುವ ಮನೆ ಇವೆರಡಕ್ಕಿಂತ ಹಳೆಯದು. ಕಲ್ಲುಮಣ್ಣಿನ ಗೋಡೆ, ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಮೊಳದಷ್ಟು ಮಣ್ಣು. ನಡುಮನೆಗೆ ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಬೇಸಗೆಯಲ್ಲಿ ಇಂಥ ಮನೆಯಷ್ಟು ತಂಪು ಬೇರೊಂದಿಲ್ಲ. ಆದರೆ ನಮ್ಮ ಕಡೆಯವರು ಮಣ್ಣಿನ ಮಾಳಿಗೆಯನ್ನು ಬರಿಯ ಪ್ರೀತಿಯಿಂದ ನೋಡುವ ಕಾಲ ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಮುಗಿಯಿತು. ಗಡಿಯಾಚೆ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಮಲಗಿದ್ದ ಸಾವಿರಾರು ಜನರನ್ನು ಕೊಂದದ್ದು ಬಹುಮಟ್ಟಿಗೆ ಅವರವರ ಮನೆಯ ಗೋಡೆಯ ಕಲ್ಲು ಮತ್ತು ಮಾಳಿಗೆಯ ಮಣ್ಣೇ. ನಾನಾಗ ಶಾಲೆಯ ಹುಡುಗ. ಆಮೇಲೆ ಎಷ್ಟೋ ರಾತ್ರಿ ನಾವು ಅಂಗಳದಲ್ಲಿ ಮಲಗಿದೆವು. ನಮ್ಮ ಮಾಳಿಗೆ ಕದಲಲಿಲ್ಲ. ಅಂದಿನಿಂದ ಅವ್ವನಿಗೆ ಅದರ ಮೇಲೆ ಗೋಡೆಗಿಂತ ಗಟ್ಟಿಯಾದ ನಂಬಿಕೆ.

ಈ ಎರಡು ಬೇಸಗೆಗಳಿಂದ ಆ ತಂಪೂ ಅವಳಿಗೆ ಸಾಲದಾಗಿದೆ. ರಾತ್ರಿ ನಿದ್ರೆ ಬಾರದು, ಉಸಿರು ಕಟ್ಟಿದಂತಾಗುತ್ತದೆ ಎಂದು ಹೇಳಿದಾಗ ತಮ್ಮ ಬೀಸಣಿಗೆಯೊಂದನ್ನು ಕೊಂಡು ತಂದ. ನಡುಮನೆಯ ತೊಲೆಯಲ್ಲಿ ಒಂದು ಕಬ್ಬಿಣದ ಬಳೆಯಿದೆ, ನಮ್ಮ ಮಾತಿನಲ್ಲಿ ಕಡಿ. ಅದಕ್ಕೆ ನಮ್ಮೆಲ್ಲರ ತೊಟ್ಟಿಲು ತೂಗಿತ್ತು, ನಮ್ಮ ಮಕ್ಕಳ ತೊಟ್ಟಿಲೂ ತೂಗಿತ್ತು. ಬೀಸಣಿಗೆಗೆ ಅದಕ್ಕಿಂತ ಒಳ್ಳೆಯ ಸ್ಥಾನ ಯಾವುದೆಂದು ತಮ್ಮನಿಗೂ ಅವ್ವನಿಗೂ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಉಸ್ತಾದರು ಏಣಿ ಹತ್ತಿ ತಿರುಪುಳಿಯ ಹಿಡಿಯಿಂದ ತೊಲೆಯನ್ನು ಉದ್ದಕ್ಕೂ ತಟ್ಟುತ್ತ ಹೋದರು. ಗೋಡೆಯ ಹತ್ತಿರ ಸದ್ದು ಗಟ್ಟಿಯಾಗಿತ್ತು. ಕಡಿಯ ಸಮೀಪಕ್ಕೆ ಬಂದಾಗ ಅದು ಒಡೆದ ಮಡಕೆಯ ಸದ್ದಿನಂತೆ ಟೊಳ್ಳಾಯಿತು. ತಿರುಪುಳಿಯ ಮೊನೆಯನ್ನು ಒತ್ತಿದರೆ ಎರಡು ಬೆರಳಿನಷ್ಟು ಒಳಗಿಳಿಯಿತು. ಹೊರಗೆ ಎಣ್ಣೆ ಸವರಿದಂತೆ ಕಪ್ಪಗೆ ಹೊಳೆಯುತ್ತಿದ್ದ ಮರದ ಒಳಗೆ ಗೆದ್ದಲು ಮನೆ ಮಾಡಿತ್ತು.

“ಇದೇ ಕಡಿಗೆ ನಿಮ್ಮ ತೊಟ್ಲಾ ಕಟ್ಟಿದ್ದೆ. ಒಬ್ರೂ ಬಿದ್ದಿಲ್ಲ,” ಎಂದಳು ಅವ್ವ.

“ಅವ್ವಾ, ತೊಟ್ಲಾ ಕೂಸು ಮಲಗಿದ ಮ್ಯಾಲ ನಿಲ್ತಾದ. ಫ್ಯಾನ್ ನೀವು ಮಲಗಿದ ಮ್ಯಾಲನೂ ತಿರಗ್ತಾದ,” ಎಂದರು ಉಸ್ತಾದರು.

ತೂಗುವ ಭಾರಕ್ಕೂ ತಿರುಗುವ ಭಾರಕ್ಕೂ ಇರುವ ಭೇದ ಇಷ್ಟೇ. ಬೀಸಣಿಗೆಯ ತೂಕ ಹೆಚ್ಚಲ್ಲ. ತೊಟ್ಟಿಲು, ಹಾಸಿಗೆ, ಕೂಸು ಕೂಡಿದರೆ ಅದಕ್ಕಿಂತ ಹೆಚ್ಚೇ ಆದೀತು. ಆದರೆ ಬೀಸಣಿಗೆಯ ರೆಕ್ಕೆಗಳು ಕೂದಲೆಳೆಯಷ್ಟು ಸಮತೂಕ ತಪ್ಪಿದರೂ ಪ್ರತಿ ಸುತ್ತಿಗೂ ಒಂದು ಚಿಕ್ಕ ಜಗ್ಗು ಕೊಂಡಿಗೆ ತಗುಲುತ್ತದೆ. ರಾತ್ರಿಯೊಂದಕ್ಕೆ ಲಕ್ಷಕ್ಕೂ ಮಿಕ್ಕಿದ ಜಗ್ಗುಗಳು. ಗಟ್ಟಿಮರವಾದರೆ ತೊಲೆಯನ್ನು ಸುತ್ತಿ ಹಿಡಿಯುವ ಕ್ಲಾಂಪು ಹಾಕಬಹುದಿತ್ತು. ಮರಕ್ಕೆ ತಿರುಪಿ ಸೇರಿಸುವ ಕೊಕ್ಕೆಯನ್ನು ಉಸ್ತಾದರು ಒಳ್ಳೆಯ ಮರಕ್ಕೂ ಒಪ್ಪುವುದಿಲ್ಲ. ಎರಡು ಗೋಡೆಗಳಿಗೆ ಸೇರುವಂತೆ ಕಬ್ಬಿಣದ ಕೊಳವೆ ಹಾಯಿಸಿ ಅದಕ್ಕೆ ತೂಗಿಸೋಣವೆಂದು ತಮ್ಮ ಸೂಚಿಸಿದ. ಅಳೆದು ನೋಡಿದರೆ ರೆಕ್ಕೆಗೂ ನೆಲಕ್ಕೂ ನಡುವೆ ಏಳು ಅಡಿಯೂ ಉಳಿಯುತ್ತಿರಲಿಲ್ಲ. ಎಂಟು ಅಡಿ ಬೇಕು. ಮೊಮ್ಮಕ್ಕಳು ಮಂಚದ ಮೇಲೆ ಕುಣಿಯುವ ಮನೆಯಲ್ಲಿ ಆ ಒಂದು ಅಡಿಯ ವಿಷಯದಲ್ಲಿ ರಾಜಿ ಸಾಧ್ಯವಿರಲಿಲ್ಲ.

ಕೊನೆಗೆ ತಮ್ಮ ಆ ಬೀಸಣಿಗೆಯನ್ನು ಅಂಗಡಿಗೆ ಹಿಂದಿರುಗಿಸಿ, ನೆಲದ ಮೇಲೆ ನಿಲ್ಲುವಂಥದನ್ನು ತಂದ. ಆದರೆ ಅಂದಿನ ಮುಖ್ಯ ವಿಷಯ ಬೀಸಣಿಗೆಯಾಗಿರಲಿಲ್ಲ. ಆ ತೊಲೆಯ ಮೇಲೆ ಮೊಳದಷ್ಟು ಮಣ್ಣಿತ್ತು. ಅವ್ವನ ಮಂಚ ಅದರ ಕೆಳಗಿತ್ತು. ಅಂದು ಸಂಜೆಯೇ ಮಂಚವನ್ನು ಪಡಸಾಲೆಗೆ ಸಾಗಿಸಿದೆವು. ತೊಲೆಯ ಅಡಿಗೆ ಬಡಗಿಯಿಂದ ಎರಡು ಕಂಬ ಕೊಡಿಸಿದೆವು. ಮಾಳಿಗೆಯ ಮಣ್ಣನ್ನು ಇಳಿಸಿ ಪತ್ರಾ ಹಾಕಿಸುವುದೋ, ಮನೆಯನ್ನೇ ಬಿಚ್ಚುವುದೋ ಎಂಬ ಮಾತು ಅಣ್ಣತಮ್ಮಂದಿರಲ್ಲಿ ಇನ್ನೂ ನಡೆದಿದೆ. ಅವ್ವ ಅದರಲ್ಲಿ ಬಾಯಿ ಹಾಕುವುದಿಲ್ಲ. ಹೊಸ ಬೀಸಣಿಗೆಯ ಗಾಳಿ ಒಂದೇ ಮಗ್ಗುಲಿಗೆ ಬರುತ್ತದೆಂದು ಮಾತ್ರ ದೂರುತ್ತಾಳೆ.

ಪತ್ರಾದ ಮಾತು ಬಂದುದರಿಂದ ಒಂದು ಎಚ್ಚರಿಕೆ. ತಗಡಿಗೆ ಏನನ್ನೂ ತೂಗಬಾರದೆಂಬುದು ಎಲ್ಲರಿಗೂ ಗೊತ್ತು; ಅದರ ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗೆ ಕ್ಲಾಂಪು ಹಾಕುತ್ತಾರೆ. ಆದರೆ ತಂತಿಯನ್ನು ತಗಡಿನ ಅಂಚಿನ ಮೇಲೆ ಹಾಗೆಯೇ ಹಾಯಿಸುವ ಮನೆಗಳು ಬೇಕಾದಷ್ಟಿವೆ. ಗಾಳಿಗೆ ತಗಡು ಅದುರಿದಾಗಲೆಲ್ಲ ಅಂಚು ಗರಗಸದಂತೆ ತಂತಿಯ ಹೊದಿಕೆಯನ್ನು ಕೊರೆಯುತ್ತದೆ. ಒಂದು ಮಳೆಯ ದಿನ ಇಡೀ ಸೂರು ವಿದ್ಯುತ್ತಿನಿಂದ ತುಂಬಿ, ಒದ್ದೆ ಬಟ್ಟೆ ಹರವಲು ತಂತಿಗೆ ಕೈಹಚ್ಚಿದ ಹೆಂಗಸಿನ ಪ್ರಾಣಕ್ಕೆ ಬರುತ್ತದೆ. ತಂತಿ ಪೈಪಿನೊಳಗೆ ಬರಬೇಕು.

ಕೋಣೆಯ ಗುಂಡಿ ಆರಿಸಿದರೆ ಸಾಲದೆಂದು ಮೇಲೆ ಹೇಳಿದ್ದೆನಲ್ಲವೇ? ನಮ್ಮ ಮನೆಗಳಿಗೆ ಬರುವುದು ೨೩೦ ವೋಲ್ಟಿನ ವಿದ್ಯುತ್ತು. ಎರಡು ತಂತಿಗಳಲ್ಲಿ ಒಂದು ಜೀವಂತ, ಇನ್ನೊಂದು ತಟಸ್ಥ. ಗುಂಡಿ ಜೀವಂತ ತಂತಿಯನ್ನು ಕಡಿಯಬೇಕೆಂಬುದು ನಿಯಮ. ಹಳೆಯ ಮನೆಗಳಲ್ಲಿ ಯಾರೋ ಅವಸರದಲ್ಲಿ ತಟಸ್ಥ ತಂತಿಗೆ ಗುಂಡಿ ಕೂರಿಸಿರುತ್ತಾರೆ. ಆಗ ಗುಂಡಿ ಆರಿಸಿದರೆ ದೀಪ ಆರುತ್ತದೆ, ಡಬ್ಬಿಯೊಳಗಿನ ಸಾವು ಆರುವುದಿಲ್ಲ. ಜೀವಂತ ತಂತಿಗೆ ಕೆಂಪು, ಹಳದಿ ಇಲ್ಲವೆ ನೀಲಿ, ತಟಸ್ಥಕ್ಕೆ ಕಪ್ಪು, ನೆಲಸಂಪರ್ಕಕ್ಕೆ ಹಸಿರು ಎಂಬ ಬಣ್ಣಗಳ ಕಟ್ಟಳೆಯೇನೋ ಇದೆ. ಅಂಗಡಿಯಲ್ಲಿ ಅಂದು ಸಿಕ್ಕ ಬಣ್ಣದ ತಂತಿಯನ್ನೇ ಎಳೆದ ಮನೆಗಳಲ್ಲಿ ಬಣ್ಣವನ್ನು ನಂಬುವಂತಿಲ್ಲ. ಟೆಸ್ಟರಿನ ದೀಪ ಹೊತ್ತಿದರೆ ವಿದ್ಯುತ್ತಿದೆಯೆಂದು ತಿಳಿಯಬಹುದು. ಹೊತ್ತದಿದ್ದರೆ ಇಲ್ಲವೆಂದು ತಿಳಿಯುವುದು ದುಡುಕು. ಒಣಮರದ ಏಣಿಯ ಮೇಲೆ ನಿಂತವನ ಕೈಯಲ್ಲಿ ಅದು ಮಂಕಾಗಿ, ಕಣ್ಣಿಗೆ ಕಾಣದೆಯೂ ಹೋದೀತು. ಮೊದಲು ವಿದ್ಯುತ್ತಿರುವ ಕಡೆ ಅದನ್ನು ಹಚ್ಚಿ ನೋಡಿ, ಆಮೇಲೆ ಡಬ್ಬಿಗೆ ಹಚ್ಚಿ, ಮತ್ತೆ ಮೊದಲಿನ ಕಡೆ ಹಚ್ಚಿ ನೋಡುವುದು ಉಸ್ತಾದರ ಕ್ರಮ. ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೂ ಅವರು ಹೀಗೆಯೇ ನೋಡುತ್ತಾರೆ. ಮುಖ್ಯ ಸ್ವಿಚ್ಚಿನ ಹತ್ತಿರ ಮನೆಯವರೊಬ್ಬರನ್ನು ನಿಲ್ಲಿಸುತ್ತಾರೆ, ಯಾರೋ ಬಂದು ಹಾಕಿಬಿಡದಂತೆ. ಮೂವತ್ತು ಮಿಲಿ ಆಂಪಿಯರಿನಷ್ಟು ವಿದ್ಯುತ್ತು ಸೋರಿದರೂ ಕ್ಷಣದಲ್ಲಿ ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಉಪಕರಣವನ್ನು ಅವರು ಯಾವ ಮನೆಗೂ ತಪ್ಪಿಸುವುದಿಲ್ಲ. ಪರವಾನಗಿಯುಳ್ಳ ಕೆಲಸಗಾರರನ್ನೇ ಕರೆಯಿರೆಂದು ಸರ್ಕಾರ ಹೇಳುವುದೂ ಇಂಥ ಸೂಕ್ಷ್ಮಗಳಿಗಾಗಿಯೇ.

ಬೀದರದ ಹೊಸ ಬಡಾವಣೆಗಳಲ್ಲಿ ಈಗ ಚಾವಣಿಯ ಕೆಳಗೆ ಇನ್ನೊಂದು ಹುಸಿ ಚಾವಣಿ ಕಟ್ಟಿಸುವ ಮೋಹ ಹಬ್ಬಿದೆ. ನೋಟಕ್ಕೆ ಚೆಂದವೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಬರಿಯ ಬಿಳಿಯ ಹಲಗೆ, ತನ್ನ ಭಾರವನ್ನು ತಾನೇ ಕಷ್ಟದಿಂದ ಹೊತ್ತುಕೊಂಡಿರುವುದು. ತೆಳುವಾದ ದೀಪದ ಬಿಲ್ಲೆಗಳನ್ನು ಅದಕ್ಕೆ ಸಿಕ್ಕಿಸಬಹುದು. ನಮ್ಮ ನೆರೆಯವರೊಬ್ಬರು ಗಾಜಿನ ಗೊಂಚಲು ದೀಪವನ್ನೇ ಅದಕ್ಕೆ ತೂಗಿಸಿದರು. ಅದು ಮೂರನೆಯ ತಿಂಗಳಲ್ಲಿ, ಯಾರೂ ಇಲ್ಲದ ಮಧ್ಯಾಹ್ನ, ಹಲಗೆಯನ್ನೂ ಕರೆದುಕೊಂಡು ಕೆಳಗಿಳಿಯಿತು. ತೂಗುವುದೇನಿದ್ದರೂ ಹುಸಿ ಚಾವಣಿಯನ್ನು ತೂರಿ ಮೇಲಿನ ನಿಜ ಚಾವಣಿಯ ಕೊಂಡಿಗೆ ಮುಟ್ಟಬೇಕು.

ನನ್ನ ಮನೆಯ ಚಾವಣಿಗೆ ಕಾಂಕ್ರೀಟು ಸುರಿಯುವ ಹಿಂದಿನ ಸಂಜೆ ಉಸ್ತಾದರು ಪ್ರತಿ ಕೋಣೆಯ ಮೇಲೂ ಅಳತೆಯ ಪಟ್ಟಿಯನ್ನು ಚಾಚಿ ಹಿಡಿದು, ಪೈಪುಗಳೂ ಡಬ್ಬಿಗಳೂ ಕಾಣುವಂತೆ ನನ್ನಿಂದ ಚಿತ್ರಗಳನ್ನು ತೆಗೆಸಿದರು. ಹದಿನಾಲ್ಕು ಚಿತ್ರಗಳು. ಮನೆಯ ಕಾಗದಪತ್ರಗಳ ಜೊತೆಯಲ್ಲಿ ಅವನ್ನು ಇರಿಸಿದ್ದೇನೆ. ಈ ವರ್ಷ ಯುಗಾದಿಗೆ ಮುಂಚೆ ಮಗಳ ಓದುವ ಮೇಜಿನ ಮೇಲೆ ದೀಪ ಇಳಿಬಿಡಲು ತೂತು ಕೊರೆಯಬೇಕಾಗಿ ಬಂದಾಗ ಉಸ್ತಾದರು ಯಂತ್ರವನ್ನು ಕೆಳ​ಗಿಟ್ಟು ಮೊದಲು ಆ ಚಿತ್ರವನ್ನು ಕೇಳಿ ತರಿಸಿಕೊಂಡರು. ನಾವು ಪೆನ್ಸಿಲಿನಿಂದ ಗುರುತು ಹಾಕಿದ್ದ ಜಾಗದ ಸರಿಯಾಗಿ ಮೇಲೆಯೇ ಪೈಪು ಹಾಯ್ದಿತ್ತು. ಅವರು ಗುರುತನ್ನು ಬೆರಳಿನಿಂದ ಅಳಿಸಿ, ಅಲ್ಲಿಂದ ನಾಲ್ಕು ಅಂಗುಲ ಕಿಟಕಿಯ ಕಡೆಗೆ ಹೊಸದೊಂದನ್ನು ಹಾಕಿದರು.